ಆಸ್ಪತ್ರೆ ಖಾಲಿ ಮಾಡಿಸುವುದು: ಮೊದಲು ಪಕ್ಕಕ್ಕೆ, ಆಮೇಲೆ ಕೆಳಕ್ಕೆ, ಕೊನೆಗೆ ಹೊರಕ್ಕೆ

ಆಫೀಸಿನಲ್ಲಿ ಬೆಂಕಿ ಕಾಣಿಸಿಕೊಂಡರೆ ಏನು ಮಾಡಬೇಕು ಅನ್ನುವುದು ಬೆಂಗಳೂರಿನಲ್ಲಿ ಕೆಲಸ ಮಾಡುವ ಬಹಳ ಜನಕ್ಕೆ ಗೊತ್ತು. ಅಲಾರಂ ಹೊಡೆಯುತ್ತದೆ. ಲಿಫ್ಟ್ ಬಿಟ್ಟು ಮೆಟ್ಟಿಲು ಇಳಿಯುತ್ತೇವೆ. ಪಾರ್ಕಿಂಗ್ ಜಾಗದಲ್ಲಿ ಗುಂಪಾಗಿ ನಿಂತು ತಲೆ ಎಣಿಸಿಕೊಳ್ಳುತ್ತೇವೆ. ಅಷ್ಟೇ.

ಇದನ್ನೇ ಒಂದು ಆಸ್ಪತ್ರೆಗೆ ಹಚ್ಚಿ ನೋಡಿ. ಮೂರನೇ ಮಹಡಿಯ ಐಸಿಯುನಲ್ಲಿ ವೆಂಟಿಲೇಟರ್ ಮೇಲಿರುವ ಅಜ್ಜಿ. ಪಕ್ಕದ ವಾರ್ಡಿನಲ್ಲಿ ನಿನ್ನೆ ತಾನೇ ಸೊಂಟದ ಆಪರೇಷನ್ ಆದವರು. ಡಯಾಲಿಸಿಸ್ ನಡೆಯುತ್ತಿರುವವರು, ಅವರ ಒಂದಿಷ್ಟು ರಕ್ತ ಆ ಹೊತ್ತಿಗೆ ಯಂತ್ರದ ಕೊಳವೆಗಳಲ್ಲೇ ಇರುತ್ತದೆ. ಹುಟ್ಟಿ ಎರಡು ದಿನವಾದ, ಒಂದೂವರೆ ಕಿಲೋ ತೂಗುವ ಮಗು. ಇವರಿಗೆಲ್ಲ "ಹೊರಗೆ ಬನ್ನಿ" ಅಂತ ಕೂಗಿ ಪ್ರಯೋಜನ ಇಲ್ಲ. ಹೊತ್ತು ತರಬೇಕು, ಹೊತ್ತು ತರುವಾಗಲೂ ಉಸಿರು ಕೊಡುತ್ತಿರಬೇಕು, ತಂದ ಮೇಲೆ ಮಲಗಿಸಲು ಇನ್ನೊಂದು ಆಸ್ಪತ್ರೆಯಲ್ಲಿ ಹಾಸಿಗೆ ಇರಬೇಕು.

ಅದಕ್ಕೇ ಈ ವಿಷಯದಲ್ಲಿ ಮೊದಲ ನಿಯಮ ಆಫೀಸಿನದಕ್ಕಿಂತ ಬೇರೆ. ರೋಗಿಯನ್ನು ಮೊದಲು ಅದೇ ಮಹಡಿಯಲ್ಲಿ ಪಕ್ಕದ ಸುರಕ್ಷಿತ ಭಾಗಕ್ಕೆ ಒಯ್ಯಬೇಕು. ಅಲ್ಲಿಗೂ ಹೊಗೆ ಬಂದರೆ ಕೆಳಗಿನ ಮಹಡಿಗೆ. ಕಟ್ಟಡವನ್ನೇ ಬಿಡುವುದು ಬೇರೆ ದಾರಿಯೇ ಇಲ್ಲ ಅಂದಾಗ ಮಾತ್ರ.

ಯಾಕೆ ಹೀಗೆ ಅಂತ ಒಂದು ಲೆಕ್ಕ ಹಾಕಿ ನೋಡೋಣ. ಮೂರನೇ ಮಹಡಿಯಲ್ಲಿ 10 ಹಾಸಿಗೆಯ ಐಸಿಯು ಇದೆ ಅಂದುಕೊಳ್ಳಿ. ಲಿಫ್ಟ್ ಬಳಸುವಂತಿಲ್ಲ. ಒಬ್ಬ ರೋಗಿಯನ್ನು ಮೆಟ್ಟಿಲಲ್ಲಿ ಇಳಿಸಲು ಹೊರುವವರೇ ನಾಲ್ಕು ಜನ ಬೇಕು. ತಲೆಯ ಹತ್ತಿರ ಒಬ್ಬರು ಅಂಬು ಬ್ಯಾಗ್ (ಕೈಯಿಂದ ಒತ್ತಿ ಉಸಿರು ಕೊಡುವ ಚೀಲ) ಹಿಡಿದು ಆರು ಸೆಕೆಂಡಿಗೊಮ್ಮೆ ಒತ್ತುತ್ತಾ ಹಿಮ್ಮುಖವಾಗಿ ಮೆಟ್ಟಿಲು ಇಳಿಯಬೇಕು. ಬಿಪಿ ಬೀಳದಂತೆ ಔಷಧಿ ಕೊಡುವ ಸಿರಿಂಜ್ ಪಂಪ್ ನಿಲ್ಲುವಂತಿಲ್ಲ, ಅದನ್ನು ಇನ್ನೊಬ್ಬರು ಹಿಡಿದಿರಬೇಕು. ಎದೆಗೆ ಟ್ಯೂಬ್ ಹಾಕಿದ್ದರೆ ಅದರ ಬಾಟಲಿ ಎದೆಗಿಂತ ಕೆಳಗೇ ಇರಬೇಕು, ಮೆಟ್ಟಿಲಲ್ಲಿ ಇದು ಸುಲಭ ಅಲ್ಲ. ಒಬ್ಬರನ್ನು ಇಳಿಸಿ, ಕೆಳಗೆ ಬಿಟ್ಟು, ಮತ್ತೆ ಮೇಲೆ ಬರಲು 10 ನಿಮಿಷ ಅಂತಿಟ್ಟುಕೊಂಡರೂ ಒಂದು ತಂಡಕ್ಕೆ 100 ನಿಮಿಷ ಬೇಕು. ಎರಡು ತಂಡ ಇದ್ದರೂ 50 ನಿಮಿಷ. ಹೊಗೆ ಅಷ್ಟು ಹೊತ್ತು ಕಾಯುವುದಿಲ್ಲ. ಅದೇ ರೋಗಿಯನ್ನು ಹಾಸಿಗೆ ಸಮೇತ ಚಕ್ರದ ಮೇಲೆ ತಳ್ಳಿಕೊಂಡು ಕಾರಿಡಾರಿನ ಆ ಕಡೆಯ ಬಾಗಿಲು ದಾಟಿಸಲು ಇಬ್ಬರು ಸಾಕು, ಒಂದೆರಡು ನಿಮಿಷ ಸಾಕು.

ಆದರೆ ಪಕ್ಕಕ್ಕೆ ಒಯ್ಯಬೇಕಾದರೆ ಪಕ್ಕ ಅನ್ನುವುದೊಂದು ಇರಬೇಕು, ಅಲ್ವಾ? ಇಲ್ಲೇ ಕಟ್ಟಡದ ವಿಷಯ ಬರುವುದು. ನ್ಯಾಷನಲ್ ಬಿಲ್ಡಿಂಗ್ ಕೋಡ್ ಪ್ರಕಾರ ಆಸ್ಪತ್ರೆಯ ಮಹಡಿಯನ್ನು ಬೆಂಕಿ ಮತ್ತು ಹೊಗೆ ದಾಟದ ಗೋಡೆಗಳಿಂದ ಭಾಗ ಮಾಡಬೇಕು. ಮಧ್ಯದ ಬಾಗಿಲುಗಳು ಒಂದೆರಡು ಗಂಟೆ ಬೆಂಕಿ ತಡೆಯುವಂಥವಾಗಿರಬೇಕು, ತಾವಾಗಿಯೇ ಮುಚ್ಚಿಕೊಳ್ಳಬೇಕು. ರೋಗಿಗಳ ಹಾಸಿಗೆ ಓಡಾಡುವ ಕಾರಿಡಾರ್ ಸುಮಾರು 2.4 ಮೀಟರ್ ಅಗಲ ಇರಬೇಕು. ಯಾಕೆಂದರೆ ಎರಡು ಹಾಸಿಗೆ ಎದುರುಬದುರು ಬಂದರೂ ಸಿಕ್ಕಿಕೊಳ್ಳಬಾರದು. ಕಾಗದದ ಮೇಲೆ ಇದೆಲ್ಲ ಇರುತ್ತದೆ. ನಿಜದಲ್ಲಿ ಆ ಕಾರಿಡಾರಿನಲ್ಲಿ ಹಳೇ ಟ್ರಾಲಿ, ಮುರಿದ ವೀಲ್‌ಚೇರ್, ಅಟೆಂಡರ್‌ಗಳ ಚಾಪೆ, ರಟ್ಟಿನ ಡಬ್ಬಗಳು ಇರುತ್ತವೆ. ತಾನಾಗಿ ಮುಚ್ಚಿಕೊಳ್ಳಬೇಕಾದ ಬಾಗಿಲಿಗೆ ಇಟ್ಟಿಗೆ ಅಡ್ಡ ಇಟ್ಟಿರುತ್ತಾರೆ. ಓಡಾಡಲು ತೊಂದರೆ ಅನ್ನುವುದು ಕಾರಣ. ಆ ಇಟ್ಟಿಗೆ ಇರುವಷ್ಟು ಹೊತ್ತು ಆ ಬಾಗಿಲು ಇದ್ದೂ ಇಲ್ಲದ ಹಾಗೆ.

ಕೊಲ್ಲುವುದು ಹೊಗೆ

2011ರ ಡಿಸೆಂಬರ್ 9ರ ನಸುಕಿನಲ್ಲಿ ಕೋಲ್ಕತ್ತದ ಢಾಕುರಿಯಾದಲ್ಲಿರುವ ಎಎಂಆರ್‌ಐ ಆಸ್ಪತ್ರೆಗೆ ಬೆಂಕಿ ಬಿತ್ತು. 90ರಷ್ಟು ಜನ ಸತ್ತರು. ಬೆಂಕಿ ಹೊತ್ತಿಕೊಂಡದ್ದು ಬೇಸ್‌ಮೆಂಟಿನಲ್ಲಿ. ಗಾಡಿ ನಿಲ್ಲಿಸಬೇಕಾದ ಆ ಜಾಗವನ್ನು ಸಾಮಾನು ತುಂಬಿಡಲು ಬಳಸುತ್ತಿದ್ದರು. ಸತ್ತವರಲ್ಲಿ ಹೆಚ್ಚಿನವರ ಹತ್ತಿರಕ್ಕೆ ಬೆಂಕಿ ಹೋಗಲೇ ಇಲ್ಲ. ಎಸಿ ಡಕ್ಟುಗಳ ಮೂಲಕ ಹೊಗೆ ಮೇಲಿನ ಮಹಡಿಗಳಿಗೆ ಏರಿತು. ಹೊರಗೋಡೆ ಪೂರ್ತಿ ಗಾಜು, ಕಿಟಕಿ ತೆರೆಯುವ ಹಾಗಿರಲಿಲ್ಲ. ಮಲಗಿದ್ದವರು ಮಲಗಿದ್ದಲ್ಲೇ ಉಸಿರುಗಟ್ಟಿ ಹೋದರು. ಪಕ್ಕದ ಬಡಾವಣೆಯ ಬಡಜನ ಹೊಗೆ ನೋಡಿ ಓಡಿ ಬಂದಿದ್ದರು. ಸೆಕ್ಯುರಿಟಿಯವರು ಮೊದಲು ಅವರನ್ನು ಒಳಗೆ ಬಿಡಲಿಲ್ಲ. ಆಮೇಲೆ ಅದೇ ಜನ ಗಾಜು ಒಡೆದು, ಹಗ್ಗ ಕಟ್ಟಿ ಎಷ್ಟೋ ಜನರನ್ನು ಇಳಿಸಿದರು.

ನಮ್ಮೂರಿನಲ್ಲೂ ಇದರ ಪಾಠ ಸುಮಾರು ಎರಡು ವರ್ಷ ಮೊದಲೇ ಆಗಿತ್ತು. 2010ರ ಫೆಬ್ರವರಿ 23ರಂದು ಹಳೇ ಏರ್‌ಪೋರ್ಟ್ ರಸ್ತೆಯ ಕಾರ್ಲ್‌ಟನ್ ಟವರ್ಸ್‌ನಲ್ಲಿ 9 ಜನ ಸತ್ತರು. ಅದು ಆಸ್ಪತ್ರೆಯಲ್ಲ, ಆಫೀಸು ಕಟ್ಟಡ. ಎದ್ದು ಓಡಬಲ್ಲ, ಗಟ್ಟಿಮುಟ್ಟಾದ ಜನ ಅಲ್ಲಿದ್ದರು. ವೈರುಗಳು ಹೋಗುವ ಡಕ್ಟಿನಿಂದ ಹೊಗೆ ಮೇಲೇರಿ ಮಹಡಿಗಳನ್ನು ತುಂಬಿತು, ದಾರಿಗಳು ಮುಚ್ಚಿದ್ದವು, ತಡೆಯಲಾರದೆ ಕೆಲವರು ಮೇಲಿಂದ ಹಾರಿದರು. ಓಡಬಲ್ಲವರ ಕಥೆಯೇ ಹೀಗಾದರೆ ಕಾಲಿಗೆ ತೂಕ ಕಟ್ಟಿಸಿಕೊಂಡು ಮಲಗಿದವರ ಗತಿ ಏನು ಅಂತ ಯೋಚನೆ ಮಾಡಿ.

ಹಾಗಾಗಿ ಬೆಂಕಿಯ ಹೊತ್ತಿನಲ್ಲಿ ನರ್ಸ್‌ಗಳಿಗೆ ಕಲಿಸುವ ಕ್ರಮ ಹೀಗಿದೆ: ಬೆಂಕಿಯ ತೀರಾ ಹತ್ತಿರ ಇರುವ ರೋಗಿಯನ್ನು ಮೊದಲು ಸರಿಸು, ಅಲಾರಂ ಒತ್ತು, ಬಾಗಿಲು ಮುಚ್ಚಿ ಬೆಂಕಿಯನ್ನು ಒಂದೇ ಕೋಣೆಯಲ್ಲಿ ಕಟ್ಟಿಹಾಕು, ಆಮೇಲೆ ಆರಿಸು ಇಲ್ಲವೇ ಹೊರಡು. ಇದರಲ್ಲಿ ಬಾಗಿಲು ಮುಚ್ಚುವುದನ್ನೇ ಜನ ಮರೆಯುತ್ತಾರೆ. ಗಾಬರಿಯಲ್ಲಿ ಎಲ್ಲ ತೆರೆದಿಟ್ಟು ಓಡುತ್ತಾರೆ, ಹೊಗೆಗೆ ದಾರಿ ಸಿಗುತ್ತದೆ. ಮತ್ತೊಂದು ವಿಷಯ, ವಾರ್ಡಿನ ಆಕ್ಸಿಜನ್ ಪೈಪಿಗೆ ಒಂದು ವಾಲ್ವ್ ಇರುತ್ತದೆ. ಬೆಂಕಿ ಹತ್ತಿದ ಕೋಣೆಗೆ ಆಕ್ಸಿಜನ್ ಹೋಗುತ್ತಲೇ ಇದ್ದರೆ ಅದು ಬೆಂಕಿಗೆ ಗಾಳಿ ಊದಿದ ಹಾಗೆ. ಆದರೆ ವಾಲ್ವ್ ತಿರುಗಿಸಿದರೆ ಆ ಪೈಪಿನ ಮೇಲೆ ಬದುಕಿರುವ ಎಲ್ಲರ ಉಸಿರೂ ನಿಲ್ಲುತ್ತದೆ, ಆದ್ದರಿಂದ ಅದಕ್ಕೆ ಮೊದಲು ಅವರಿಗೆ ಸಿಲಿಂಡರ್ ಹಾಕಿರಬೇಕು. ಆ ವಾಲ್ವ್ ಎಲ್ಲಿದೆ, ಅದನ್ನು ಮುಚ್ಚಿ ಅಂತ ಹೇಳುವ ಅಧಿಕಾರ ರಾತ್ರಿ ಹೊತ್ತು ಯಾರಿಗೆ ಇದೆ ಅನ್ನುವುದು ಡ್ಯೂಟಿಯಲ್ಲಿರುವ ಪ್ರತಿಯೊಬ್ಬ ಸಿಸ್ಟರ್‌ಗೂ ಗೊತ್ತಿರಬೇಕು.

ರಾತ್ರಿ ಹೊತ್ತು ಅಂದೆ. ಅದನ್ನು ಸ್ವಲ್ಪ ಬಿಡಿಸಿ ಹೇಳಲೇಬೇಕು. ಎಎಂಆರ್‌ಐ ಬೆಂಕಿ ನಸುಕಿನಲ್ಲಿ. 2021ರ ಜನವರಿ 9ರಂದು ಮಹಾರಾಷ್ಟ್ರದ ಭಂಡಾರಾ ಜಿಲ್ಲಾಸ್ಪತ್ರೆಯಲ್ಲಿ 10 ಹಸುಗೂಸುಗಳು ಸತ್ತದ್ದು ಮಧ್ಯರಾತ್ರಿ ದಾಟಿದ ಮೇಲೆ. ಅಲ್ಲಿನ ನವಜಾತ ಶಿಶು ಘಟಕದಲ್ಲಿದ್ದ 17 ಮಕ್ಕಳಲ್ಲಿ 7 ಉಳಿದವು. ಅದೇ ವರ್ಷ ಏಪ್ರಿಲ್‌ನಲ್ಲಿ ವಿರಾರ್‌ನ ಕೋವಿಡ್ ಐಸಿಯು ಬೆಂಕಿ, ಬೆಳಗಿನ ಜಾವ. ಮೇ 1ರಂದು ಗುಜರಾತಿನ ಭರೂಚ್, ಮಧ್ಯರಾತ್ರಿಯ ನಂತರ. 2024ರ ಮೇ ತಿಂಗಳಲ್ಲಿ ದೆಹಲಿಯ ವಿವೇಕ್ ವಿಹಾರದ ಮಕ್ಕಳ ಆಸ್ಪತ್ರೆ, ರಾತ್ರಿ. ನವೆಂಬರ್ 15ರಂದು ಝಾನ್ಸಿ ಮೆಡಿಕಲ್ ಕಾಲೇಜಿನ ನವಜಾತ ಶಿಶು ಘಟಕ, ರಾತ್ರಿ. ಅಲ್ಲಿ ಆ ರಾತ್ರಿಯೇ 10 ಮಕ್ಕಳು ಹೋದವು, ಉಳಿದ ಎಷ್ಟೋ ಮಕ್ಕಳನ್ನು ಕಿಟಕಿ ಒಡೆದು ಹೊರಗೆ ತಂದರು. 2025ರ ಅಕ್ಟೋಬರ್‌ನಲ್ಲಿ ಜೈಪುರದ ಎಸ್‌ಎಂಎಸ್ ಆಸ್ಪತ್ರೆಯ ಟ್ರಾಮಾ ಐಸಿಯು, ಅದೂ ರಾತ್ರಿಯೇ.

ಇದು ಸುಮ್ನೆ ಕಾಕತಾಳೀಯ ಅಂತ ನನಗೆ ಅನ್ನಿಸುವುದಿಲ್ಲ. ಐಸಿಯು ಯಂತ್ರಗಳು, ಎಸಿಗಳು ಹಗಲು ರಾತ್ರಿ ಓಡುತ್ತಲೇ ಇರುತ್ತವೆ. ವೈರಿಗೆ, ಪ್ಲಗ್‌ಗೆ ಬಿಡುವೇ ಇಲ್ಲ. ಕೋಣೆಯ ಗಾಳಿಯಲ್ಲಿ ಸಾಮಾನ್ಯವಾಗಿ ಶೇಕಡ 21 ಇರಬೇಕಾದ ಆಕ್ಸಿಜನ್, ಸೋರಿಕೆ ಜಾಸ್ತಿಯಾದರೆ ಅದಕ್ಕಿಂತ ಮೇಲೇರುತ್ತದೆ, ಆಗ ಒಂದು ಸಣ್ಣ ಕಿಡಿಗೂ ಹಾಸಿಗೆ ಬಟ್ಟೆ ಭಗ್ಗನೆ ಹತ್ತಿಕೊಳ್ಳುತ್ತದೆ. ಹಗಲಲ್ಲಾದರೆ ಸುಟ್ಟ ವಾಸನೆ ಹಿಡಿಯುವ ಮೂಗುಗಳು ಹತ್ತಾರು ಇರುತ್ತವೆ, ಎಲೆಕ್ಟ್ರಿಷಿಯನ್ ಇರುತ್ತಾರೆ, ಹೊರುವ ಕೈಗಳು ಇರುತ್ತವೆ. ರಾತ್ರಿ ಒಂದು ವಾರ್ಡಿಗೆ ಒಬ್ಬರೋ ಇಬ್ಬರೋ ಸಿಸ್ಟರ್, ಇಡೀ ಕಟ್ಟಡಕ್ಕೆ ಒಬ್ಬ ಡ್ಯೂಟಿ ಡಾಕ್ಟರ್, ಗೇಟಿನಲ್ಲಿ ವಯಸ್ಸಾದ ಒಬ್ಬ ಸೆಕ್ಯುರಿಟಿ. ಮಾನ್ಯತೆಗಾಗಿ ಅಣಕು ಡ್ರಿಲ್ ಮಾಡುವ ಆಸ್ಪತ್ರೆಗಳು ನಗರದಲ್ಲಿ ಬೇಕಾದಷ್ಟಿವೆ. ಆ ಡ್ರಿಲ್ ಬೆಳಿಗ್ಗೆ 11 ಗಂಟೆಗೆ, ಎಲ್ಲ ಸಿಬ್ಬಂದಿ ಇರುವಾಗ, ಫೋಟೋ ಸಮೇತ ನಡೆದರೆ ಅದರಿಂದ ತಿಳಿಯುವುದು ಬಹಳ ಕಡಿಮೆ. ರಾತ್ರಿ ಎರಡು ಗಂಟೆಗೆ, ಆ ಪಾಳಿಯಲ್ಲಿ ಇರುವ ಅಷ್ಟೇ ಜನರನ್ನು ಇಟ್ಟುಕೊಂಡು, ರೋಗಿಯ ಬದಲು ಮರಳು ಚೀಲ ಇಟ್ಟ ಹಾಸಿಗೆಯನ್ನು ತಳ್ಳಿ ನೋಡಬೇಕು.

ಯಾರು ಮೊದಲು?

ಆಸ್ಪತ್ರೆಯಲ್ಲಿ ದಿನವೂ ನಡೆಯುವುದು ಒಂದೇ ಕ್ರಮ: ಹೆಚ್ಚು ಕಷ್ಟದಲ್ಲಿ ಇರುವವರಿಗೆ ಮೊದಲು ಕೈ ಹಚ್ಚುವುದು. ಖಾಲಿ ಮಾಡುವಾಗ ಇದು ಬದಲಾಗುತ್ತದೆ. ಎಷ್ಟು ಸಮಯ ಇದೆ ಅನ್ನುವುದರ ಮೇಲೆ ನಿಂತಿದೆ.

ಸಮಯ ಇದ್ದರೆ, ಅಂದರೆ ನಾಳೆ ಆಸ್ಪತ್ರೆಗೆ ಪ್ರವಾಹದ ನೀರು ನುಗ್ಗಬಹುದು ಅಂತ ಇವತ್ತೇ ಗೊತ್ತಾದರೆ, ಐಸಿಯುನವರು ಮೊದಲು. ಅವರಿಗೆ ತಕ್ಕ ಹಾಸಿಗೆ ಬೇರೆ ಕಡೆ ಹುಡುಕುವುದೇ ಕಷ್ಟ, ಒಳ್ಳೆಯ ಆಂಬುಲೆನ್ಸ್ ಬೇಕು, ಜೊತೆಗೆ ಡಾಕ್ಟರ್ ಹೋಗಬೇಕು. ಇದನ್ನೆಲ್ಲ ಗಾಬರಿ ಇಲ್ಲದ ಹೊತ್ತಿನಲ್ಲಿ ಮಾಡುವುದೇ ವಾಸಿ. ಸಮಯ ಇಲ್ಲದಿದ್ದರೆ ಲೆಕ್ಕ ತಿರುಗುತ್ತದೆ. ಬೆಂಕಿಯ ಪಕ್ಕದಲ್ಲಿರುವವರನ್ನು ಸರಿಸಿದ ಮೇಲೆ, ನಡೆಯಬಲ್ಲವರು ಮೊದಲು. ಒಬ್ಬ ಸಿಸ್ಟರ್ ಹದಿನೈದು ಜನರನ್ನು ಸಾಲಾಗಿ ಕರೆದುಕೊಂಡು ಹೋಗಬಹುದು. ಆಮೇಲೆ ವೀಲ್‌ಚೇರಿನವರು, ಆಮೇಲೆ ಹೊರಬೇಕಾದವರು. ಕೇಳಲು ಕಠೋರ ಅನ್ನಿಸುತ್ತದೆ, ನಮ್ಮ ಮನೆಯವರೇ ವೆಂಟಿಲೇಟರ್ ಮೇಲಿದ್ದರೆ ಕೇಳಲೂ ಆಗುವುದಿಲ್ಲ. ಆದರೆ ಐದಾರು ಜನ ಸೇರಿ ಒಬ್ಬರನ್ನು ಇಳಿಸುವಷ್ಟರಲ್ಲಿ ನಡೆಯಬಲ್ಲ ಇಪ್ಪತ್ತು ಜನ ಹೊಗೆಯಲ್ಲಿ ಸಿಕ್ಕಿಬಿದ್ದರೆ ಅದನ್ನು ಯಾರು ಸರಿ ಅನ್ನುತ್ತಾರೆ? ಅದಕ್ಕೇ ನಾನು ಮತ್ತೆ ಮತ್ತೆ ಪಕ್ಕಕ್ಕೆ ಒಯ್ಯುವ ಮಾತಾಡುತ್ತಿರುವುದು. ಪಕ್ಕದ ಭಾಗ ಸರಿಯಾಗಿದ್ದರೆ ಈ ಆಯ್ಕೆಯೇ ಬರುವುದಿಲ್ಲ.

ಆಯ್ಕೆ ಬರಲೇಬೇಕಾದ ಕಡೆ ಕ್ರಮವನ್ನು ಮೊದಲೇ ಬರೆದಿಡಬೇಕು. 2005ರಲ್ಲಿ ಕತ್ರಿನಾ ಚಂಡಮಾರುತ ಬಂದಾಗ ಅಮೆರಿಕದ ನ್ಯೂ ಆರ್ಲಿಯನ್ಸ್‌ನ ಮೆಮೋರಿಯಲ್ ಆಸ್ಪತ್ರೆಯ ಸುತ್ತ ನೀರು ನಿಂತಿತು, ಜನರೇಟರ್‌ಗಳು ಕೈಕೊಟ್ಟವು, ದಿನಗಟ್ಟಲೆ ನಿದ್ದೆಯಿಲ್ಲದ ಡಾಕ್ಟರ್‌ಗಳು ಆ ಸೆಕೆಯಲ್ಲಿ, ಕತ್ತಲಲ್ಲಿ ಯಾರು ಮೊದಲು ಯಾರು ಕೊನೆ ಅಂತ ಅಲ್ಲೇ ನಿಂತು ತೀರ್ಮಾನ ಮಾಡಬೇಕಾಯಿತು. ತೀರಾ ಕಷ್ಟದಲ್ಲಿದ್ದ ಕೆಲವರು ಕೊನೆಯ ಗುಂಪಿಗೆ ಬಿದ್ದರು. ಕೊನೆಗೆ ಆ ಕಟ್ಟಡದಲ್ಲಿ 45 ಶವ ಸಿಕ್ಕವು. ಅದರ ತನಿಖೆ, ವಾದವಿವಾದ ವರ್ಷಗಟ್ಟಲೆ ನಡೆಯಿತು. ಅಂಥ ನಿರ್ಧಾರವನ್ನು ದಣಿದ ಒಬ್ಬಿಬ್ಬರ ತಲೆಗೆ ಕಟ್ಟುವುದು ರೋಗಿಗೂ ಅನ್ಯಾಯ, ಡಾಕ್ಟರಿಗೂ ಅನ್ಯಾಯ.

ನೀರು ಬಂದಾಗ

ಬೆಂಗಳೂರಿಗೆ ಸಮುದ್ರ ಇಲ್ಲ, ದೊಡ್ಡ ನದಿ ಇಲ್ಲ, ನಮಗೇನು ಅಂತ ಒಂದು ಕಾಲದಲ್ಲಿ ಅಂದುಕೊಂಡಿದ್ದೆವು. 2022ರ ಸೆಪ್ಟೆಂಬರ್‌ನಲ್ಲಿ ಹೊರವರ್ತುಲ ರಸ್ತೆ, ಬೆಳ್ಳಂದೂರು, ಯಮಲೂರು ಕಡೆ ಜನರನ್ನು ಟ್ರ್ಯಾಕ್ಟರಿನಲ್ಲಿ ಸಾಗಿಸಿದ್ದನ್ನು ನೋಡಿದೆವು. 2024ರ ಅಕ್ಟೋಬರ್‌ನಲ್ಲಿ ಯಲಹಂಕದ ಕೇಂದ್ರೀಯ ವಿಹಾರದಲ್ಲಿ ದೋಣಿ ಓಡಿದವು. 2025ರ ಮೇ ತಿಂಗಳಲ್ಲಿ ಹೊರಮಾವಿನ ಸಾಯಿ ಲೇಔಟ್. ಕೆರೆಯ ಕೋಡಿ, ರಾಜಕಾಲುವೆಯ ಪಕ್ಕ ಇರುವ ಆಸ್ಪತ್ರೆಗಳು, ವೃದ್ಧಾಶ್ರಮಗಳು ಈ ನಗರದಲ್ಲಿ ಇಲ್ಲದಿಲ್ಲ.

ನೀರಿನ ವಿಷಯದಲ್ಲಿ ಆಸ್ಪತ್ರೆಯ ಪ್ರಾಣ ಇರುವುದು ಬೇಸ್‌ಮೆಂಟಿನಲ್ಲಿ. ವಿದ್ಯುತ್ ಪ್ಯಾನೆಲ್, ಜನರೇಟರ್, ಕೆಲವೊಮ್ಮೆ ಆಕ್ಸಿಜನ್ ಮ್ಯಾನಿಫೋಲ್ಡ್ (ಸಿಲಿಂಡರ್‌ಗಳನ್ನು ಒಟ್ಟಿಗೆ ಪೈಪಿಗೆ ಜೋಡಿಸಿರುವ ಜಾಗ), ಔಷಧಿ ದಾಸ್ತಾನು, ದಾಖಲೆ ಕೋಣೆ, ಎಲ್ಲ ಅಲ್ಲೇ. ಮೇಲಿನ ಐದು ಮಹಡಿ ಒಣಗಿದ್ದರೂ ಕೆಳಗಿನ ಒಂದು ಕೋಣೆ ಮುಳುಗಿದರೆ ಆಸ್ಪತ್ರೆ ಮುಗಿಯಿತು. 2012ರಲ್ಲಿ ಸ್ಯಾಂಡಿ ಚಂಡಮಾರುತ ನ್ಯೂಯಾರ್ಕಿಗೆ ಅಪ್ಪಳಿಸಿದಾಗ ಬೆಲ್‌ವ್ಯೂ ಆಸ್ಪತ್ರೆಯ ಜನರೇಟರ್‌ಗಳು 13ನೇ ಮಹಡಿಯಲ್ಲಿ ಬೆಚ್ಚಗೇ ಇದ್ದವು. ಆದರೆ ಅವಕ್ಕೆ ಡೀಸೆಲ್ ಏರಿಸುವ ಪಂಪು ಬೇಸ್‌ಮೆಂಟಿನಲ್ಲಿ ಮುಳುಗಿತು. ಸಿಬ್ಬಂದಿ ಸಾಲಾಗಿ ಮೆಟ್ಟಿಲ ಮೇಲೆ ನಿಂತು ಕೈಯಿಂದ ಕೈಗೆ ಡೀಸೆಲ್ ದಾಟಿಸಿ 13 ಮಹಡಿ ಏರಿಸಿದರು. ಹತ್ತಿರದ ಎನ್‌ವೈಯು ಲ್ಯಾಂಗೋನ್ ಆಸ್ಪತ್ರೆಯಿಂದ ಅದೇ ರಾತ್ರಿ 300ಕ್ಕೂ ಹೆಚ್ಚು ರೋಗಿಗಳನ್ನು ಇಳಿಸಿದರು. ಅದರಲ್ಲಿ 20 ನವಜಾತ ಶಿಶುಗಳು. ನರ್ಸ್‌ಗಳು ಮಕ್ಕಳನ್ನು ಎದೆಗೆ ಅವಚಿಕೊಂಡು, ಕೈಯಿಂದಲೇ ಉಸಿರು ಕೊಡುತ್ತಾ 9 ಮಹಡಿ ಇಳಿದರು. ಹಿಂದಿನ ವರ್ಷ ಐರೀನ್ ಚಂಡಮಾರುತಕ್ಕೆ ಹೆದರಿ ಇದೇ ಆಸ್ಪತ್ರೆಯನ್ನು ಖಾಲಿ ಮಾಡಿಸಿದ್ದರು, ಆಗ ಹೆಚ್ಚೇನೂ ಆಗಿರಲಿಲ್ಲ. ಹಾಗಾಗಿ ಈ ಸಲ ಉಳಿಯೋಣ ಅಂದುಕೊಂಡಿದ್ದರು. ಒಂದು ಸಲ ಸುಳ್ಳು ಎಚ್ಚರಿಕೆ ಆದರೆ ಮುಂದಿನ ಸಲ ಮನಸ್ಸು ಹಿಂದೇಟು ಹಾಕುತ್ತದೆ, ಇದು ಎಲ್ಲ ಊರಿನಲ್ಲೂ ಆಗುವಂಥದ್ದೇ.

ನಮ್ಮಲ್ಲಿ ಇನ್ನೊಂದು ತೊಂದರೆ ಇದೆ. ಆಸ್ಪತ್ರೆಗೆ ನೀರು ನುಗ್ಗದೆ ಇದ್ದರೂ ಬಡಾವಣೆಗೆ ನುಗ್ಗಿದರೆ ಬೆಸ್ಕಾಂನವರು ಸುರಕ್ಷತೆಗೆ ಅಂತ ಕರೆಂಟ್ ತೆಗೆಯುತ್ತಾರೆ. ತೆಗೆಯಲೇಬೇಕು. ಆಮೇಲೆ ಜನರೇಟರ್, ಆಮೇಲೆ ಡೀಸೆಲ್ ಎಷ್ಟಿದೆ ಅನ್ನುವ ಪ್ರಶ್ನೆ. ಡೀಸೆಲ್ ತರುವ ಗಾಡಿ ಬರುವುದಿಲ್ಲ, ನೀರಿನ ಟ್ಯಾಂಕರ್ ಬರುವುದಿಲ್ಲ, ನೆಲದಡಿಯ ಸಂಪ್‌ಗೆ ಕೊಳಕು ನೀರು ಸೇರಿರುತ್ತದೆ, ರಾತ್ರಿ ಪಾಳಿಯ ಸಿಸ್ಟರ್ ಮನೆಯಿಂದ ಹೊರಡಲಾಗುವುದಿಲ್ಲ, ಹಗಲು ಪಾಳಿಯವರು ಮನೆಗೆ ಹೋಗಲಾಗುವುದಿಲ್ಲ. ಟ್ರ್ಯಾಕ್ಟರಿನಲ್ಲಿ ಐಟಿ ಉದ್ಯೋಗಿಯನ್ನು ದಾಟಿಸಬಹುದು, ವೆಂಟಿಲೇಟರ್ ಮೇಲಿರುವವರನ್ನು ಹಾಗೆ ದಾಟಿಸಲಾಗುವುದಿಲ್ಲ. ಆದ್ದರಿಂದ ನೀರಿನ ಹೊತ್ತಿನಲ್ಲಿ ಹೊರಡುವ ತೀರ್ಮಾನ ರಸ್ತೆಯಲ್ಲಿ ಆಂಬುಲೆನ್ಸ್ ಓಡುವಾಗಲೇ ಆಗಬೇಕು. ಎಷ್ಟು ಮಳೆಯ ಎಚ್ಚರಿಕೆ ಬಂದರೆ, ಗೇಟಿನ ಹತ್ತಿರ ನೀರು ಯಾವ ಗುರುತಿಗೆ ಬಂದರೆ ಫೋನ್ ಮಾಡಲು ಶುರು ಮಾಡಬೇಕು ಅಂತ ಮೊದಲೇ ಬರೆದಿಟ್ಟಿದ್ದರೆ ಆ ರಾತ್ರಿ ಚರ್ಚೆ ಮಾಡುತ್ತಾ ಕೂರಬೇಕಿಲ್ಲ.

ಹಾಗಂತ ಬೇಗ ಹೊರಟರೆ ಎಲ್ಲ ಸರಿ ಅಂತಲೂ ಅಲ್ಲ. ಸಾಗಿಸುವುದೇ ಕೊಲ್ಲುತ್ತದೆ. 2011ರ ಮಾರ್ಚ್‌ನಲ್ಲಿ ಜಪಾನಿನ ಫುಕುಶಿಮಾ ಅಣು ಸ್ಥಾವರದ ಹತ್ತಿರ ಇದ್ದ ಫುತಾಬಾ ಆಸ್ಪತ್ರೆಯ ವೃದ್ಧ ರೋಗಿಗಳನ್ನು ಬಸ್ಸುಗಳಲ್ಲಿ ತುಂಬಿ ಗಂಟೆಗಟ್ಟಲೆ ಸುತ್ತಿಸಿದರು. ಮಲಗಿರಬೇಕಾದವರು ಕೂತಿದ್ದರು, ಡ್ರಿಪ್ ಇಲ್ಲ, ಆರೈಕೆ ಇಲ್ಲ, ಚಳಿ. ಆ ಸ್ಥಳಾಂತರದಲ್ಲಿ ಮತ್ತು ಅದರ ಹಿಂದೆಯೇ 40ಕ್ಕೂ ಹೆಚ್ಚು ಜನ ಸತ್ತರು. ವಿಕಿರಣದಿಂದಲ್ಲ, ಪ್ರಯಾಣದಿಂದ. 2005ರಲ್ಲಿ ರೀಟಾ ಚಂಡಮಾರುತ ಬರುವ ಮೊದಲೇ ಟೆಕ್ಸಾಸ್‌ನಲ್ಲಿ ಹೊರಟ ವೃದ್ಧರ ಬಸ್ಸಿಗೆ ಬೆಂಕಿ ಹತ್ತಿ, ಒಳಗಿದ್ದ ಆಕ್ಸಿಜನ್ ಸಿಲಿಂಡರ್‌ಗಳು ಸಿಡಿದು 23 ಜನ ಹೋದರು. ಇದಕ್ಕೆ ಪೂರ್ತಿ ಎದುರಾದದ್ದು 2017ರಲ್ಲಿ ಫ್ಲಾರಿಡಾದಲ್ಲಿ ಆಯಿತು. ಇರ್ಮಾ ಚಂಡಮಾರುತದ ನಂತರ ಒಂದು ವೃದ್ಧರ ಆರೈಕೆ ಕೇಂದ್ರದಲ್ಲಿ ಎಸಿ ನಿಂತಿತು, ಮೂರು ದಿನ ಸೆಕೆಯಲ್ಲೇ ಇಟ್ಟುಕೊಂಡರು, 12 ಜನ ಸತ್ತರು. ಕರೆಂಟ್ ಇದ್ದ ದೊಡ್ಡ ಆಸ್ಪತ್ರೆ ರಸ್ತೆಯ ಆಚೆ ಬದಿಯಲ್ಲೇ ಇತ್ತು. ಮುಂದಿನ ವರ್ಷ ಆ ರಾಜ್ಯ ಕಾನೂನು ಮಾಡಿತು: ಇಂಥ ಕೇಂದ್ರಗಳಲ್ಲಿ 96 ಗಂಟೆ ಕಾಲ ಕಟ್ಟಡದೊಳಗಿನ ಶಾಖವನ್ನು ಸುಮಾರು 27 ಡಿಗ್ರಿ ದಾಟದಂತೆ ಇಡುವ ಜನರೇಟರ್ ಇರಲೇಬೇಕು ಅಂತ. ಉಳಿಯುವುದಾದರೆ ಉಳಿಯುವ ಸೌಕರ್ಯ ಇರಬೇಕು ಅನ್ನುವುದು ಇದರ ಅರ್ಥ.

ರಸ್ತೆಯ ಲೆಕ್ಕ

ಬೆಂಗಳೂರಿನ ಟ್ರಾಫಿಕ್ ಬಗ್ಗೆ ಹೊಸದಾಗಿ ಹೇಳಬೇಕಾಗಿಲ್ಲ, ಆದರೆ ಅದನ್ನು ಆಕ್ಸಿಜನ್ನಿಗೆ ಜೋಡಿಸಿ ನೋಡಬೇಕು. ಆಂಬುಲೆನ್ಸ್, ವಾರ್ಡ್‌ಗಳಲ್ಲಿ ಕಾಣುವ ಬಿ ಟೈಪ್ ಸಿಲಿಂಡರಿನಲ್ಲಿ ಸುಮಾರು 1,500 ಲೀಟರ್ ಆಕ್ಸಿಜನ್ ಇರುತ್ತದೆ. ನಿಮಿಷಕ್ಕೆ 10 ಲೀಟರ್ ಬೇಕಾದವರಿಗೆ ಅದು ಎರಡೂವರೆ ಗಂಟೆ ಬರುತ್ತದೆ. ನಿಮಿಷಕ್ಕೆ 50 ಲೀಟರ್ ಬೇಕಾದವರಿಗೆ ಅರ್ಧ ಗಂಟೆ. ಮಳೆಯ ಸಂಜೆ ಸಿಲ್ಕ್ ಬೋರ್ಡ್ ದಾಟಬೇಕಾದರೆ ಆ ಅರ್ಧ ಗಂಟೆ ಏನೂ ಅಲ್ಲ. ಆಕ್ಸಿಜನ್ ಸಾಲದೆ ಹೋದರೆ ಏನಾಗುತ್ತದೆ ಅನ್ನುವುದನ್ನು ನಾವು 2021ರ ಮೇ ತಿಂಗಳಲ್ಲಿ ಚಾಮರಾಜನಗರದಲ್ಲಿ ಕಂಡಿದ್ದೇವೆ. ಸಾಗಿಸುವ ದೂರ ಕಡಿಮೆ ಇದ್ದಷ್ಟೂ ಒಳ್ಳೆಯದು. ಪ್ರತಿ ಆಸ್ಪತ್ರೆಯೂ ಹತ್ತಿರದ ಎರಡು ಮೂರು ಆಸ್ಪತ್ರೆಗಳ ಜೊತೆ ಬರಹದಲ್ಲಿ ಒಪ್ಪಂದ ಮಾಡಿಕೊಂಡಿರಬೇಕು. ಆ ಪಾಲುದಾರ ಆಸ್ಪತ್ರೆಗಳಲ್ಲಿ ಒಂದಾದರೂ ಅದೇ ರಾಜಕಾಲುವೆಯ ಪಕ್ಕ ಇರಬಾರದು, ಇಲ್ಲದಿದ್ದರೆ ಎರಡೂ ಒಟ್ಟಿಗೇ ಮುಳುಗುತ್ತವೆ. 108ರ ಆಂಬುಲೆನ್ಸ್‌ಗಳು ಇವೆ, ಆದರೆ ಒಂದೇ ರಾತ್ರಿ ಒಂದೇ ಆಸ್ಪತ್ರೆಯಿಂದ 60 ರೋಗಿಗಳನ್ನು ಎತ್ತಲು ಅವು ನಗರದ ಬೇರೆ ಭಾಗಗಳನ್ನು ಬಿಟ್ಟು ಬರಬೇಕಾಗುತ್ತದೆ. ನಡೆಯಬಲ್ಲವರಿಗೆ ಸಾಮಾನ್ಯ ಬಸ್ಸು ಸಾಕು, ಅದನ್ನು ಯಾರಿಗೆ ಫೋನ್ ಮಾಡಿ ಕೇಳಬೇಕು ಅನ್ನುವುದು ಗೋಡೆಯ ಮೇಲೆ ಬರೆದಿರಬೇಕು.

ರೋಗಿಯ ಜೊತೆ ಕಾಗದವೂ ಹೋಗಬೇಕು. ಕೇಸ್ ಶೀಟ್ ಪೂರ್ತಿ ಸಿಗದಿದ್ದರೂ ಹೆಸರು, ಯಾವ ಔಷಧಿಗೆ ಅಲರ್ಜಿ, ಕೊನೆಯ ಡೋಸ್ ಯಾವಾಗ ಕೊಟ್ಟದ್ದು, ಮನೆಯವರ ಫೋನ್, ಇಷ್ಟು ಒಂದು ಚೀಟಿಯಲ್ಲಿ ಬರೆದು ಮೈಗೆ ಅಂಟಿಸಿದರೂ ಸಾಕು. ಹಸುಗೂಸುಗಳ ವಿಷಯದಲ್ಲಂತೂ ಇದು ತೀರಾ ಮುಖ್ಯ. ಝಾನ್ಸಿಯಲ್ಲಿ ಬೆಂಕಿಯ ನಂತರ ಯಾವ ಮಗು ಯಾರದು ಅಂತ ಗೊತ್ತಾಗದೆ ಅಪ್ಪ ಅಮ್ಮಂದಿರು ಪರದಾಡಿದ ವರದಿಗಳು ಬಂದವು.

ಸಣ್ಣ ನರ್ಸಿಂಗ್ ಹೋಮ್, ವೃದ್ಧಾಶ್ರಮ

ದೊಡ್ಡ ಆಸ್ಪತ್ರೆಗಳಿಗೆ ಸುರಕ್ಷತಾ ಅಧಿಕಾರಿ ಇರುತ್ತಾರೆ, ಸ್ಪ್ರಿಂಕ್ಲರ್ ಇರುತ್ತದೆ. ನನಗೆ ಜಾಸ್ತಿ ಭಯ ಇರುವುದು ಬಡಾವಣೆಗಳ ಒಳಗಿನ ಸಣ್ಣ ನರ್ಸಿಂಗ್ ಹೋಮ್‌ಗಳ ಬಗ್ಗೆ. ಮನೆಗೆಂದು ಕಟ್ಟಿದ 40-60 ಸೈಟಿನ ಕಟ್ಟಡದಲ್ಲಿ ನಾಲ್ಕು ಮಹಡಿ, ಒಂದೇ ಮೆಟ್ಟಿಲು, ಆ ಮೆಟ್ಟಿಲಿನ ತಿರುವಿನಲ್ಲಿ ಸ್ಟ್ರೆಚರ್ ಅಡ್ಡಡ್ಡ ಸಿಕ್ಕಿಕೊಳ್ಳುತ್ತದೆ. ಇಂಥ ಕಡೆ ಪಕ್ಕದ ಭಾಗ ಅನ್ನುವುದೇ ಇರುವುದಿಲ್ಲ. ನಮ್ಮ ತಂದೆಯನ್ನು ಸೇರಿಸಿದ್ದ ಒಂದು ಕಡೆ ಟೆರೇಸ್ ಬಾಗಿಲಿಗೆ ಬೀಗ, ಬೀಗದ ಕೈ ಮ್ಯಾನೇಜರ್ ಮನೆಯಲ್ಲಿ. ಜನರೇಟರ್ ಮೆಟ್ಟಿಲ ಕೆಳಗೆ. ಹೊಗೆ ಬಂದರೆ ಮೊದಲು ತುಂಬುವುದು ಅದೇ ಮೆಟ್ಟಿಲು. ಆ ಕಟ್ಟಡವನ್ನು ಒಡೆದು ಕಟ್ಟಿ ಅಂತ ಯಾರೂ ಹೇಳಲಾರರು, ಆದರೆ ವೆಂಟಿಲೇಟರ್ ಹಾಸಿಗೆಗಳನ್ನು ನೆಲಮಹಡಿಗೆ ತರಬಹುದು, ಹಾಸಿಗೆಯ ಕೆಳಗೆ ಎಳೆದೊಯ್ಯುವ ಪಟ್ಟಿ ಇರುವ ದಪ್ಪ ಶೀಟ್ ಹಾಸಿಡಬಹುದು, ಆಗ ಇಬ್ಬರೇ ರೋಗಿಯನ್ನು ಮೆಟ್ಟಿಲ ಮೇಲೆ ಜಾರಿಸಿಕೊಂಡು ಇಳಿಸಬಹುದು. ಬೀಗದ ಕೈಯನ್ನು ಗಾಜಿನ ಪೆಟ್ಟಿಗೆಯಲ್ಲಿ ಬಾಗಿಲ ಪಕ್ಕ ತೂಗುಹಾಕಬಹುದು. ಇದಕ್ಕೆಲ್ಲ ಲಕ್ಷಾಂತರ ಖರ್ಚಿಲ್ಲ.

ವೃದ್ಧಾಶ್ರಮಗಳಲ್ಲಿ ಕಷ್ಟ ಬೇರೆ ಥರ. ಮರೆವಿನ ಕಾಯಿಲೆ ಇರುವವರು ಹೊರಗೆ ಹೋಗಿ ದಾರಿ ತಪ್ಪಬಾರದು ಅಂತ ಮುಂಬಾಗಿಲಿಗೆ ಬೀಗ ಹಾಕಿರುತ್ತಾರೆ. ಅದು ತಪ್ಪಲ್ಲ, ಆದರೆ ರಾತ್ರಿ ಇರುವ ಇಬ್ಬರು ಆಯಾಗಳ ಸೊಂಟದಲ್ಲೇ ಆ ಕೀ ಇರಬೇಕು. ಹೊರಡೋಣ ಅಂದರೆ ಕೆಲವರು ಬರುವುದಿಲ್ಲ ಅಂತ ಹಟ ಹಿಡಿಯುತ್ತಾರೆ, ಕೆಲವರಿಗೆ ಶ್ರವಣಯಂತ್ರ ಇಲ್ಲದೆ ಕೂಗು ಕೇಳಿಸುವುದಿಲ್ಲ, ಕನ್ನಡಕ ಇಲ್ಲದೆ ಮೆಟ್ಟಿಲು ಕಾಣುವುದಿಲ್ಲ. ಪರಿಚಯದ ಮುಖ ಕೈ ಹಿಡಿದರೆ ಮಾತ್ರ ಬರುತ್ತಾರೆ. ಹೊಸ ಜಾಗಕ್ಕೆ ಹೋದ ಮೇಲೂ ಗೊಂದಲ, ಊಟ ಬಿಡುವುದು, ಬೀಳುವುದು ಇದ್ದೇ ಇರುತ್ತದೆ, ಆದ್ದರಿಂದ ಅವರನ್ನು ನೋಡಿಕೊಳ್ಳುವ ಆಯಾ ಕೂಡ ಅವರ ಜೊತೆಗೇ ಹೋಗಬೇಕು. ಮಕ್ಕಳು ಹೊರದೇಶದಲ್ಲಿರುವವರು ಫೋನಿನಲ್ಲಿ ಕೇಳಬೇಕಾದ ಪ್ರಶ್ನೆ ಇದು: ರಾತ್ರಿ ಎಷ್ಟು ಜನ ಇರುತ್ತೀರಿ, ನೀರು ಬಂದರೆ ಅಪ್ಪನನ್ನು ಎಲ್ಲಿಗೆ ಕರೆದುಕೊಂಡು ಹೋಗುತ್ತೀರಿ?

ಅಟೆಂಡರ್‌ಗಳ ಕೈ

ಹೊರದೇಶದ ಪುಸ್ತಕಗಳಲ್ಲಿ ಸಿಗದ ಒಂದು ಬಲ ನಮ್ಮ ಆಸ್ಪತ್ರೆಗಳಲ್ಲಿದೆ. ಪ್ರತಿ ಹಾಸಿಗೆಯ ಪಕ್ಕ ಮನೆಯವರೊಬ್ಬರು ಇರುತ್ತಾರೆ. ವಿಕ್ಟೋರಿಯಾ, ಕಿದ್ವಾಯಿ, ಜಯದೇವ, ಎಲ್ಲಿಗೆ ಹೋದರೂ ರಾತ್ರಿ ಕಾರಿಡಾರಿನಲ್ಲಿ ಮಲಗಿದವರು ನೂರಾರು. ಅವರನ್ನು ಗುಂಪು ಅಂತ ನೋಡಿದರೆ ಗುಂಪೇ ಆಗುತ್ತಾರೆ, ಮೆಟ್ಟಿಲ ಮೇಲೆ ನೂಕುನುಗ್ಗಲು ಆಗುತ್ತದೆ. ಅಡ್ಮಿಟ್ ಆದ ದಿನವೇ ಎರಡು ನಿಮಿಷ ಕೂರಿಸಿ, ಪಕ್ಕದ ಸುರಕ್ಷಿತ ಭಾಗ ಎಲ್ಲಿದೆ, ಹಾಸಿಗೆಯ ಚಕ್ರದ ಲಾಕ್ ಹೇಗೆ ಬಿಡಿಸಬೇಕು, ಯಾರ ಮಾತು ಕೇಳಬೇಕು ಅಂತ ತೋರಿಸಿದರೆ ರಾತ್ರಿ ಪಾಳಿಗೆ ಇಲ್ಲದ ಕೈಗಳು ಅಲ್ಲೇ ಸಿಗುತ್ತವೆ. ಇದನ್ನು ಮಾಡಲು ಯಾವ ಆಸ್ಪತ್ರೆಗೂ ಅಡ್ಡಿ ಇಲ್ಲ.

ಆಸ್ಪತ್ರೆ ಹೇಳದಿದ್ದರೂ ನೀವು ನೋಡಿಟ್ಟುಕೊಳ್ಳಿ. ಎರಡನೇ ಮೆಟ್ಟಿಲು ಎಲ್ಲಿ, ಅದರ ಬಾಗಿಲು ತೆರೆಯುತ್ತದಾ, ಕಿಟಕಿ ಬಿಚ್ಚುತ್ತದಾ. ಸುಟ್ಟ ವಾಸನೆ ಬಂದರೆ ಯಾರು ಏನಂದುಕೊಳ್ಳುತ್ತಾರೋ ಅಂತ ನೋಡದೆ ಸಿಸ್ಟರ್‌ಗೆ ಹೇಳಿ. ಯಾರೂ ಫೋನ್ ಮಾಡದಿದ್ದರೆ ನೀವೇ 112ಕ್ಕೆ ಮಾಡಿ. ಹೊಗೆ ಇದ್ದರೆ ಬಗ್ಗಿ ನಡೆಯಿರಿ. ರೋಗಿಯ ಮೂಗಿನ ಪೈಪನ್ನು ನೀವಾಗಿಯೇ ಕಿತ್ತು ಎತ್ತಿಕೊಂಡು ಓಡಬೇಡಿ, ಸಿಸ್ಟರ್ ಹೇಳುವವರೆಗೆ ಪಕ್ಕದಲ್ಲೇ ಇರಿ. ಫೈಲು, ಔಷಧಿ ಪಟ್ಟಿಯ ಫೋಟೋ ಫೋನಿನಲ್ಲಿ ಇರಲಿ. ಕೊನೆಗೆ ನೀವೇ ನಿಮ್ಮ ಕಾರಿನಲ್ಲೋ ಆಟೋದಲ್ಲೋ ರೋಗಿಯನ್ನು ಬೇರೆ ಕಡೆ ಸೇರಿಸಬೇಕಾಗಿ ಬಂದರೆ, ಹೊರಡುವ ಮೊದಲು ಗೇಟಿನಲ್ಲಿ ಪಟ್ಟಿ ಹಿಡಿದು ನಿಂತವರಿಗೆ ಹೆಸರು, ಹಾಸಿಗೆ ನಂಬರ್, ಎಲ್ಲಿಗೆ ಹೋಗುತ್ತಿದ್ದೀರಿ ಅಂತ ಹೇಳಿಯೇ ಹೊರಡಿ. ಹೇಳದೆ ಹೋದರೆ ಆ ಹಾಸಿಗೆಯ ರೋಗಿ ಇನ್ನೂ ಒಳಗಿದ್ದಾರೆ ಅಂತ ಅಗ್ನಿಶಾಮಕ ಸಿಬ್ಬಂದಿ ಹುಡುಕಿಕೊಂಡು ಮತ್ತೆ ಹೊಗೆಯೊಳಗೆ ಹೋಗುತ್ತಾರೆ.